ವಾಣಿಜ್ಯ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಬಾಗಿಲುವಾಡ

ಬಾಗಿಲಿನ ಭಾರವನ್ನು ಹೊತ್ತು ಅದನ್ನು ಗೋಡೆಗೆ ಬಂಧಿಸುವ ಚೌಕಟ್ಟಿಗೆ ಬಾಗಿಲುವಾಡವೆಂದು ಹೆಸರು. ಪೇಟೆಯಲ್ಲಿ ಮಾತ್ರ ‘ಫ್ರೇಮ್’ ಎಂದರೇ ತಿಳಿಯುವುದು. ಹಿಂದೆ ತೇಗ, ಹೊನ್ನೆ ಮೊದಲಾದ ಮರಗಳಿಂದ ಮಾಡುತ್ತಿದ್ದ ಈ ಚೌಕಟ್ಟನ್ನು ಇಂದು ಅಂಗಡಿ, ಬ್ಯಾಂಕು, ಕಚೇರಿಗಳಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂನಿಂದ ಮಾಡಲಾಗುತ್ತಿದೆ. ಇದರ ಗುಣವನ್ನೂ ಮಿತಿಯನ್ನೂ ಕಟ್ಟಡದ ಮಾಲೀಕರು ಮಾತ್ರವಲ್ಲದೆ ಮಳಿಗೆ ಹಿಡಿದ ಬಾಡಿಗೆದಾರರೂ ಅರಿತಿರಬೇಕು.

ಅಲ್ಯೂಮಿನಿಯಂನ ತೂಕ ಉಕ್ಕಿನ ಸುಮಾರು ಮೂರನೆಯ ಒಂದು ಭಾಗ. ಅದಕ್ಕೆ ಗೆದ್ದಲು ಹಿಡಿಯದು. ಮಳೆಗಾಲದಲ್ಲಿ ಮರದಂತೆ ಉಬ್ಬಿ ಬಾಗಿಲನ್ನು ಬಿಗಿಹಿಡಿಯದು. ಶುದ್ಧ ಲೋಹವು ಮೆದುವಾದ ಕಾರಣ ಮೆಗ್ನೀಷಿಯಂ ಮತ್ತು ಸಿಲಿಕಾನ್ ಬೆರೆಸಿದ ಮಿಶ್ರಲೋಹವನ್ನು ಬಳಸುತ್ತಾರೆ. 6063 ಎಂಬ ಅಂಕಿಯಿಂದ ಗುರುತಿಸಲಾಗುವ ಮಿಶ್ರಲೋಹ ಈ ಕೆಲಸದಲ್ಲಿ ಬಹಳ ರೂಢಿಯಲ್ಲಿದೆ. ಅದರ ದಿಂಡನ್ನು ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಒರಳಿನಿಂದ ಶ್ಯಾವಿಗೆ ಒತ್ತುವಂತೆ ಉಕ್ಕಿನ ಅಚ್ಚಿನ ಮೂಲಕ ಒತ್ತಿದಾಗ, ಗಾಜು ಕೂರುವ ಗಾಡಿಯೂ ರಬ್ಬರ್ ಪಟ್ಟಿಯ ಜಾಗವೂ ಕೂಡಿದ ಟೊಳ್ಳು ಪಟ್ಟಿ ಒಂದೇ ಬಾರಿಗೆ ಹೊರಬರುತ್ತದೆ. ಗುತ್ತಿಗೆದಾರರು ‘ಸೆಕ್ಷನ್’ ಎನ್ನುವುದು ಇದನ್ನೇ. ಹೊರನೋಟಕ್ಕೆ ಎಲ್ಲ ಸೆಕ್ಷನ್‌ಗಳೂ ಒಂದೇ ಬಗೆಯಾಗಿ ಕಾಣುವುದರಿಂದ ಗೋಡೆಯ ದಪ್ಪದಲ್ಲಿ ಮೋಸ ಸುಲಭ. ಕತ್ತರಿಸಿದ ತುದಿಯನ್ನು ಅಳೆದು ನೋಡದೆ ಹಣ ಪಾವತಿ ಮಾಡುವುದು ಉಚಿತವಲ್ಲ.

ಈ ಲೋಹಕ್ಕೆ ತುಕ್ಕಿಲ್ಲವೆಂಬ ನಂಬಿಕೆ ಅರ್ಧ ಮಾತ್ರ ಸತ್ಯ. ಗಾಳಿ ತಾಗಿದೊಡನೆ ಅದರ ಮೇಲೆ ಬೆಳೆಯುವ ಆಕ್ಸೈಡ್ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ, ನಿಜ. ಆದರೆ ಹಸಿ ಸಿಮೆಂಟ್ ಗಾರೆಯ ಕ್ಷಾರ ಈ ಪೊರೆಯನ್ನು ತಿಂದುಹಾಕುತ್ತದೆ. ಗಿಲಾವು ಮಾಡುವಾಗ ಸಿಡಿದ ಗಾರೆಯನ್ನು ಒಡನೆಯೇ ಒರೆಸದಿದ್ದರೆ ಉಳಿಯುವ ಬಿಳಿಯ ಕಲೆ ಮತ್ತೆ ಹೋಗುವುದಿಲ್ಲ. ಆದ್ದರಿಂದ ಗಿಲಾವು ಒಣಗಿದ ಮೇಲೆಯೇ ಚೌಕಟ್ಟನ್ನು ಕೂರಿಸುವುದು, ಇಲ್ಲವೇ ರಕ್ಷಣೆಯ ಟೇಪು ಸುತ್ತಿ ಕೂರಿಸುವುದು ಸರಿಯಾದ ಕ್ರಮ. ಸಾದಾ ಕಬ್ಬಿಣದ ತಿರುಪು ಮೊಳೆ ಬಳಸಿದರೆ, ತೇವ ಸೇರಿದಾಗ ಎರಡು ಲೋಹಗಳ ನಡುವೆ ವಿದ್ಯುತ್‌ಕೋಶದಲ್ಲಿ ನಡೆಯುವಂಥ ಕ್ರಿಯೆ ಆರಂಭವಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೊಳೆಗಳೇ ಯೋಗ್ಯ. ಮುಂಬಯಿ, ಚೆನ್ನೈಗಳಂಥ ಕಡಲತೀರದ ನಗರಗಳಲ್ಲಿ ಉಪ್ಪುಗಾಳಿಯೂ ಸೇರುವುದರಿಂದ, ಆನೊಡೈಸಿಂಗ್ ಪದರ 25 ಮೈಕ್ರಾನ್‌ನಷ್ಟು ದಪ್ಪವಿರುವುದು ಲೇಸು.

ಬಿಸಿಲಿನ ಲೆಕ್ಕವೂ ಇದೆ. ಮೂರು ಮೀಟರ್ ಉದ್ದದ ಪಟ್ಟಿ 30 ಡಿಗ್ರಿಯಷ್ಟು ಹೆಚ್ಚು ಕಾದಾಗ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಗೋಡೆಗೂ ಚೌಕಟ್ಟಿಗೂ ನಡುವೆ ತೆರಪು ಬಿಟ್ಟು ಸಿಲಿಕೋನ್ ತುಂಬುವುದು ಅದಕ್ಕಾಗಿಯೇ.

ಎಲ್ಲಕ್ಕಿಂತ ಗಂಭೀರವಾದ ವಿಷಯ ಬೆಂಕಿ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೆ ಬಹಳ ಮೊದಲೇ, 200 ಡಿಗ್ರಿ ದಾಟುತ್ತಿದ್ದಂತೆ, ಬಲಗುಂದತೊಡಗುತ್ತದೆ. ಹೊತ್ತಿ ಉರಿಯುವ ಕೋಣೆಯ ಉಷ್ಣತೆ ಇದನ್ನು ಕೆಲವೇ ನಿಮಿಷಗಳಲ್ಲಿ ಮೀರಬಲ್ಲದು. ಆದಕಾರಣ ಮುಂಬಾಗಿಲಿಗೆ, ಒಳಗಿನ ಕ್ಯಾಬಿನ್‌ಗಳಿಗೆ ಸೊಗಸಾದ ಸಾಮಾನ್ಯ ಅಲ್ಯೂಮಿನಿಯಂ ಚೌಕಟ್ಟನ್ನು, ಬೆಂಕಿ ತಡೆಯಬೇಕಾದ ಮೆಟ್ಟಿಲ ಬಾಗಿಲಿಗೆ ಹಾಕಲಾಗದು. ಅಲ್ಲಿ ಚೌಕಟ್ಟು, ಕದ, ಕೀಲು ಎಲ್ಲವನ್ನೂ ಒಟ್ಟಾಗಿ ಪರೀಕ್ಷಿಸಿ ಪ್ರಮಾಣೀಕರಿಸಿದ ಅಗ್ನಿನಿರೋಧಕ ಬಾಗಿಲೇ ಇರತಕ್ಕದ್ದು. ಕದ ಮಾತ್ರ ಅಗ್ನಿನಿರೋಧಕವಾಗಿದ್ದು ಚೌಕಟ್ಟು ಸಾಮಾನ್ಯವಾಗಿದ್ದರೆ ಆ ಖರ್ಚು ವ್ಯರ್ಥ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ದುರಂತದಲ್ಲಿ 59 ಮಂದಿ ಸತ್ತದ್ದು ಹೊಗೆಯಿಂದ ಉಸಿರುಗಟ್ಟಿ. ಬಾಲ್ಕನಿಯಿಂದ ಹೊರಬರುವ ದಾರಿಗೆ ಅಡ್ಡಿಯಿತ್ತು. ನಿರ್ಗಮನ ದ್ವಾರ ಕನಿಷ್ಠ 1000 ಮಿಲಿಮೀಟರ್ ಅಗಲವಿರಬೇಕು, ಹೊರಮುಖವಾಗಿ ತೆರೆಯಬೇಕು, ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕು ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಆಶಯ. ಆದರೆ ಅಂಗಡಿಯನ್ನು ನವೀಕರಿಸುವಾಗ ಹಳೆಯ ಚೌಕಟ್ಟಿನ ಒಳಗೇ ಹೊಸದನ್ನು ಕೂರಿಸುವ ಅಭ್ಯಾಸವುಂಟು. ಎರಡು ಬದಿಯಲ್ಲಿ ಐದೈದು ಸೆಂಟಿಮೀಟರ್ ಹೋದರೆ 1000 ಇದ್ದದ್ದು 900ಕ್ಕೆ ಇಳಿಯುತ್ತದೆ. ಹೀಗಾಗಿ ನವೀಕರಣದ ಕರಾರಿನಲ್ಲಿ ಗೋಡೆಯ ತೆರಪಿನ ಅಳತೆಯನ್ನಲ್ಲ, ಕದ ಪೂರ್ಣ ತೆರೆದಾಗ ಮನುಷ್ಯ ದಾಟಲು ಉಳಿಯುವ ಅಗಲವನ್ನು ಬರೆಯಿಸಿ, ಕೆಲಸ ಮುಗಿದ ದಿನ ಗುತ್ತಿಗೆದಾರನ ಎದುರಿನಲ್ಲಿಯೇ ಅಳೆಯತಕ್ಕದ್ದು.