ಆರೋಗ್ಯದ ದಾಖಲೆ: ಹಂಚಿಕೆಯೂ ಬೇಕು, ಗೋಪ್ಯತೆಯೂ ಬೇಕು

ವೈದ್ಯರ ಮುಂದೆ ನಾವು ಹೇಳಿಕೊಳ್ಳುವ ಕೆಲವು ಸಂಗತಿಗಳನ್ನು ಮನೆಮಂದಿಗೂ ಹೇಳಿರುವುದಿಲ್ಲ. ಅವು ಒಮ್ಮೆ ದಾಖಲೆಯಾದ ಮೇಲೆ, ಚಿಕಿತ್ಸೆ ಮಾಡುವ ವೈದ್ಯರಿಗೆ ತಕ್ಷಣ ದೊರೆಯಬೇಕು. ಸಂಬಂಧವಿಲ್ಲದವರಿಗೆ ಎಂದಿಗೂ ದೊರೆಯಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ಬಗೆಯನ್ನು ಇಲ್ಲಿ ತಿಳಿಯೋಣ.

ಉಡುಪಿ ಜಿಲ್ಲೆಯ ಕಾಪು ತಾಲೂಕಿನ ನಂದಿಕೂರಿನಲ್ಲಿ ಸಕ್ಕರೆ ಕಾಯಿಲೆಯುಳ್ಳ ಒಬ್ಬ ಹಿರಿಯರಿದ್ದಾರೆಂದು ಭಾವಿಸೋಣ. ಜ್ವರ ಬಂದರೆ ಅವರು ಪಡುಬಿದ್ರಿಗೆ ಹೋಗುತ್ತಾರೆ. ರಕ್ತಪರೀಕ್ಷೆಗೆ ಕಾರ್ಕಳಕ್ಕೆ, ದೊಡ್ಡ ಕಾಯಿಲೆಗೆ ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಇಲ್ಲವೆ ಮಣಿಪಾಲಕ್ಕೆ ಹೋಗುತ್ತಾರೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಬಳಿಕ ಈ ಭಾಗದವರಿಗೆ ಉನ್ನತ ಚಿಕಿತ್ಸೆ ಹತ್ತಿರವಾಯಿತು. ಆದರೆ ನಾಲ್ಕು ಕಡೆ ಹೋದವರ ದಾಖಲೆಯೂ ನಾಲ್ಕು ಕಡೆ ಚದುರುತ್ತದೆ. ಒಂದೇ ಔಷಧವನ್ನು ಇಬ್ಬರು ವೈದ್ಯರು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಬರೆದುಕೊಟ್ಟರೆ, ರೋಗಿಯು ತಿಳಿಯದೆ ಇಮ್ಮಡಿ ಪ್ರಮಾಣ ಸೇವಿಸುವ ಅಪಾಯವಿದೆ. ಪೆನಿಸಿಲಿನ್ ಒಗ್ಗದೆಂಬ ಒಂದು ಸಾಲು ಹೊಸ ವೈದ್ಯರ ಕಣ್ಣಿಗೆ ಬೀಳದಿದ್ದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಒಪ್ಪಿಗೆಯೇ ಕೀಲಿಕೈ

ಈ ತೊಡಕನ್ನು ನೀಗಿಸಲೆಂದು ಕೇಂದ್ರ ಸರಕಾರವು 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿಗೆ ದೇಶವ್ಯಾಪಿ ಚಾಲನೆ ನೀಡಿತು. ಇದರಲ್ಲಿ ದೊರೆಯುವ 14 ಅಂಕಿಗಳ ಸಂಖ್ಯೆಗೆ 'ಆಭಾ' ಎಂದು ಹೆಸರು. ಚಿಕಿತ್ಸಾ ವೆಚ್ಚ ಭರಿಸುವ ಆಯುಷ್ಮಾನ್ ಕಾರ್ಡೇ ಬೇರೆ, ದಾಖಲೆಗಳನ್ನು ಜೋಡಿಸುವ ಆಭಾ ಸಂಖ್ಯೆಯೇ ಬೇರೆ. ಆಭಾ ಪಡೆಯುವುದು ಐಚ್ಛಿಕ.

ಈ ವ್ಯವಸ್ಥೆಯಲ್ಲಿ ದಾಖಲೆಗಳೆಲ್ಲ ಒಂದೇ ಉಗ್ರಾಣಕ್ಕೆ ಹೋಗಿ ಸೇರುವುದಿಲ್ಲ. ಹುಟ್ಟಿದ ಆಸ್ಪತ್ರೆಯಲ್ಲಿಯೇ ಇರುತ್ತವೆ. ಬೇರೆ ವೈದ್ಯರು ಕೇಳಿದಾಗ ರೋಗಿಯ ಮೊಬೈಲಿಗೆ ಕೋರಿಕೆ ಬರುತ್ತದೆ. ಯಾವ ಉದ್ದೇಶಕ್ಕೆ, ಯಾವ ಬಗೆಯ ದಾಖಲೆ, ಯಾವ ಅವಧಿಯದು, ಎಷ್ಟು ದಿನದವರೆಗೆ ಎಂಬುದನ್ನು ನೋಡಿ ಒಪ್ಪಬಹುದು, ನಿರಾಕರಿಸಬಹುದು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂ ಬಹುದು.

ಸಾಗುವ ದಾಖಲೆಯು ಗೂಢಲಿಪಿಯಲ್ಲಿರುತ್ತದೆ. ಕಾಣಿಕೆಯ ಹುಂಡಿಯನ್ನು ನೆನೆಯೋಣ. ಅದರೊಳಗೆ ಯಾರು ಬೇಕಾದರೂ ಹಾಕಬಹುದು. ಕೀಲಿಕೈ ಉಳ್ಳವರಷ್ಟೇ ತೆರೆಯಬಲ್ಲರು. ದಾರಿಯಲ್ಲಿ ಕದ್ದವರ ಕೈಗೆ ಸಿಗುವುದು ಅರ್ಥವಿಲ್ಲದ ಅಕ್ಷರಗಳ ರಾಶಿ ಮಾತ್ರ.

ಆದರೆ ದಾರಿ ಭದ್ರವಾದರೆ ಸಾಲದು, ಮನೆಯೂ ಭದ್ರವಿರಬೇಕು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಜಾಲದ ಮೇಲೆ ದಾಳಿ ನಡೆದು, ಹಲವು ದಿನ ಕೈಬರಹದಲ್ಲಿಯೇ ಕೆಲಸ ಸಾಗಿಸಬೇಕಾಯಿತು.

ಸಂಶೋಧನೆ ಮತ್ತು ಗೋಪ್ಯತೆ

ನಮ್ಮ ದಾಖಲೆಗಳು ಸಂಶೋಧನೆಗೂ ಬೇಕು. ಅನೇಕರ ಅನುಭವ ಒಟ್ಟುಗೂಡದೆ ಹೊಸ ಚಿಕಿತ್ಸೆ ಹುಟ್ಟದು. ಹೆಸರು ಅಳಿಸಿಬಿಟ್ಟರೆ ಸಾಕೆಂದು ಹಿಂದೆ ಭಾವಿಸಲಾಗಿತ್ತು. ಆದರೆ ಜನ್ಮದಿನಾಂಕ, ಲಿಂಗ, ಪಿನ್‌ಕೋಡಿನಂತಹ ಅಂಚೆ ಸಂಖ್ಯೆ, ಈ ಮೂರರಿಂದಲೇ ಅಮೆರಿಕದ ಸುಮಾರು ಶೇ. 87ರಷ್ಟು ಜನರನ್ನು ಗುರುತಿಸಬಹುದೆಂದು ಲತಾನ್ಯಾ ಸ್ವೀನಿ ಎಂಬ ವಿದ್ವಾಂಸೆ 2000ದಲ್ಲಿ ತೋರಿಸಿದರು. ಚಿಕ್ಕ ಊರಿನಲ್ಲಿ ವಯಸ್ಸು, ವೃತ್ತಿ, ಅಪರೂಪದ ರೋಗ ಇಷ್ಟು ತಿಳಿದರೆ ಆಳು ಯಾರೆಂದು ಊರಿಗೇ ಗೊತ್ತಾಗುತ್ತದೆ. ಆದ್ದರಿಂದ ದಾಖಲೆಯನ್ನು ಆಸ್ಪತ್ರೆಯಲ್ಲಿಯೇ ಉಳಿಸಿ, ಗಣಿತದ ಮಾದರಿಯನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಕಳುಹಿಸಿ ಕಲಿಸುವ ವಿಧಾನವನ್ನು ವಿಜ್ಞಾನಿಗಳು ಬೆಳೆಸುತ್ತಿದ್ದಾರೆ.

ಕಾನೂನಿನ ಆಸರೆ

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರೆಂಬುದು ನಮಗೆ ಹೆಮ್ಮೆ. ಒಳರೋಗಿಗಳ ದಾಖಲೆಯನ್ನು ವೈದ್ಯರು 3 ವರ್ಷ ಕಾಪಾಡಬೇಕು, ರೋಗಿಯು ಕೇಳಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆ ಮುಕ್ತವೂ ಸ್ಪಷ್ಟವೂ ಆಗಿರಬೇಕೆಂದು ವಿಧಿಸುತ್ತದೆ.

ನಾವು ಪಾಲಿಸಬೇಕಾದುದು

1. ಆಸ್ಪತ್ರೆಯಿಂದ ಮರಳುವಾಗ ಬಿಡುಗಡೆ ಪತ್ರ, ಪರೀಕ್ಷಾ ವರದಿಗಳನ್ನು ಕೇಳಿ ಪಡೆದು, ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಇಡಬೇಕು.
2. ಒಗ್ಗದ ಔಷಧ, ನಿತ್ಯ ಸೇವಿಸುವ ಔಷಧಗಳ ಪಟ್ಟಿ ಜೇಬಿನಲ್ಲಿರಲಿ.
3. ಮೊಬೈಲಿಗೆ ಬಂದ ಒಟಿಪಿಯನ್ನು ದೂರವಾಣಿಯಲ್ಲಿ ಕೇಳಿದವರಿಗೆ ಹೇಳಬಾರದು.
4. ಇತರರ ವರದಿಯ ಚಿತ್ರವನ್ನು ಅವರ ಅನುಮತಿಯಿಲ್ಲದೆ ವಾಟ್ಸ್ಯಾಪ್ ಗುಂಪಿಗೆ ಹಾಕಬಾರದು. ಅನುಕಂಪದಿಂದ ಹಾಕಿದ್ದೂ ಗುಟ್ಟನ್ನು ರಟ್ಟು ಮಾಡುತ್ತದೆ.
5. ವೃದ್ಧರ ಪರವಾಗಿ ಮಕ್ಕಳು ಒಪ್ಪಿಗೆಯ ಗುಂಡಿ ಒತ್ತುವ ಮುನ್ನ ಅವರಿಗೆ ವಿವರಿಸಿ, ಅವರ ಮನಸ್ಸನ್ನು ಕೇಳಬೇಕು.

ರೋಗವನ್ನು ಮುಚ್ಚಿಟ್ಟರೆ ಚಿಕಿತ್ಸೆ ಕೆಡುತ್ತದೆ. ಬಯಲಿಗಿಟ್ಟರೆ ಮಾನ ಕೆಡುತ್ತದೆ. ಹೇಳಿದ ಮಾತು ಹೊರಹೋಗದೆಂಬ ಭರವಸೆ ಇದ್ದಲ್ಲಿ ಮಾತ್ರ ರೋಗಿಯು ನಿಜ ಹೇಳುತ್ತಾನೆ, ವೈದ್ಯರ ಕೈಗುಣವೂ ಫಲಿಸುತ್ತದೆ.