ಒಂದೇ ಹಬೆಗೆ ಎರಡು ಕೆಲಸ



ತಾವು ತಂದ ಕಬ್ಬಿನ ಸಿಪ್ಪೆಯೇ ಕಾರ್ಖಾನೆಯ ಸೌದೆ. ಒಂದು ಟನ್ ಹಸಿ ಸಿಪ್ಪೆ ಉರಿಸಿದರೆ ಸುಮಾರು 2 ಟನ್ ಹಬೆ ಬರುತ್ತದೆ. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಯು ಹೆಚ್ಚು ಹಬೆ ನುಂಗಿದಷ್ಟೂ ಮಾರಬಹುದಾದ ಸಿಪ್ಪೆ, ವಿದ್ಯುತ್ತು ಕಡಿಮೆಯಾಗುತ್ತವೆ. ಆದುದರಿಂದ ಹಬೆಯ ಲೆಕ್ಕ ತಮ್ಮ ಲೆಕ್ಕವೂ ಹೌದು.

ಶಾಖ ಪೋಲಾಗುವುದು ಎಲ್ಲಿ? ಕೋತಗಿರಿ, ಉದಕಮಂಡಲದ ಕಡೆಯ ನೀಲಗಿರಿ ಎಣ್ಣೆಯ ಭಟ್ಟಿಯನ್ನು ನೋಡಿರಿ. ಸೌದೆ ಉರಿಸಿ ಎಬ್ಬಿಸಿದ ಆವಿಯನ್ನು ತಣ್ಣೀರಿನಲ್ಲಿ ಹಾಯಿಸಿ ಇಳಿಸುತ್ತಾರೆ. ಎಣ್ಣೆ ಕೈಗೆ ಬರುತ್ತದೆ. ಸೌದೆಯ ಶಾಖವು ತಣ್ಣೀರನ್ನು ಬಿಸಿಮಾಡಿ ಹರಿದುಹೋಗುತ್ತದೆ. ಹಳೆಯ ಮಾದರಿಯ ಡಿಸ್ಟಿಲರಿಯಲ್ಲಿ ಆಗುವುದೂ ಇದೇ.

ಹಾಗಾದರೆ ಒಂದು ಸ್ತಂಭದ ಆವಿಯಿಂದ ಇನ್ನೊಂದು ಸ್ತಂಭವನ್ನು ಕಾಯಿಸಬಾರದೇಕೆ? ಇಲ್ಲೊಂದು ತೊಡಕಿದೆ. ಸಾಧಾರಣ ಒತ್ತಡದಲ್ಲಿ ಮದ್ಯಸಾರದ ಆವಿ 78 ಡಿಗ್ರಿ ಸೆಲ್ಸಿಯಸ್. ಮಡ್ಡಿ ಸ್ತಂಭದ ತಳದಲ್ಲಿ ಕುದಿಯುವ ನೀರು 100 ಡಿಗ್ರಿ. ಶಾಖ ಕೆಳಗಿನಿಂದ ಮೇಲಕ್ಕೆ ಹರಿಯದು.

ಇದಕ್ಕೆ ಪರಿಹಾರವನ್ನೂ ಕೋತಗಿರಿಯೇ ಹೇಳುತ್ತದೆ. ಸುಮಾರು 1,800 ಮೀಟರ್ ಎತ್ತರದ ಆ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯಲು ತಡವಾಗುವುದು ಅದಕ್ಕೇ. ಕುಕ್ಕರಿನಲ್ಲಿ ಇದರ ತಿರುಗುಮುರುಗು.

ಮಡ್ಡಿ ಸ್ತಂಭದಿಂದ ಗಾಳಿಯನ್ನು ಹೀರಿ ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ, ತಳದ ನೀರು ಸುಮಾರು 81 ಡಿಗ್ರಿಗೆ ಕುದಿಯುತ್ತದೆ. ಮದ್ಯಸಾರವನ್ನು ಗಟ್ಟಿಗೊಳಿಸುವ ಸ್ತಂಭದಲ್ಲಿ ಒತ್ತಡವನ್ನು ಇಮ್ಮಡಿಗೊಳಿಸಿದರೆ, ಅದರ ಆವಿ ಸುಮಾರು 97 ಡಿಗ್ರಿಗೆ ಏರುತ್ತದೆ. ಈಗ 16 ಡಿಗ್ರಿ ಅಂತರ ದೊರೆಯಿತು. ಈ ಆವಿ ತಾನು ನೀರಾಗುತ್ತ ಮಡ್ಡಿ ಸ್ತಂಭವನ್ನು ಕುದಿಸುತ್ತದೆ. ಬಾಯ್ಲರಿನ ಹಬೆ ಮುಖ್ಯವಾಗಿ ಒಂದೇ ಸ್ತಂಭಕ್ಕೆ ಸಾಕು.

ಇದು ಹೊಸ ಮಾತಲ್ಲ. ಕಬ್ಬಿನ ಹಾಲನ್ನು ಸಾಲು ಪಾತ್ರೆಗಳಲ್ಲಿ ಒಂದರ ಆವಿಯಿಂದ ಇನ್ನೊಂದನ್ನು ಕುದಿಸಿ ಇಂಗಿಸುವ ವಿಧಾನಕ್ಕೆ ಅಮೆರಿಕದ ನಾರ್ಬರ್ಟ್ ರಿಲ್ಯೂ 1843ರಲ್ಲಿಯೇ ಪೇಟೆಂಟ್ ಪಡೆದನು.

ಗಮನಿಸಬೇಕಾದ ಅಂಶಗಳು:

1. ನಿರ್ವಾತ ಸ್ತಂಭದಲ್ಲಿ ಸೋರಿಕೆಯಿದ್ದರೆ ಒತ್ತಡ ಏರಿ ಅಂತರ ಕರಗುತ್ತದೆ.
2. ಕೊಳವೆಗಳಲ್ಲಿ ಕಿಟ್ಟ ಕಟ್ಟಿದರೆ ಶಾಖ ದಾಟದು, ಕಾಲಕಾಲಕ್ಕೆ ತೊಳೆಯಬೇಕು.
3. ಒಂದು ಸ್ತಂಭ ಕೆಟ್ಟರೆ ಎರಡೂ ನಿಲ್ಲುತ್ತವೆ; ನುರಿತ ಕೆಲಸಗಾರರು ಬೇಕು.
4. ಯಂತ್ರದ ಬೆಲೆ ಹೆಚ್ಚು. ಉಳಿಯುವ ಸಿಪ್ಪೆಯ ಬೆಲೆಯೊಡನೆ ಅದನ್ನು ತೂಗಿ ನೋಡಬೇಕು.

ಸರ್ವಸದಸ್ಯರ ಸಭೆಯಲ್ಲಿ ಎಷ್ಟು ಲೀಟರ್ ಮದ್ಯಸಾರ ತಯಾರಾಯಿತೆಂದು ಕೇಳುವುದರ ಜೊತೆಗೆ, ಲೀಟರಿಗೆ ಎಷ್ಟು ಕಿಲೋ ಹಬೆ ಖರ್ಚಾಯಿತೆಂದೂ ತಾವು ಕೇಳಿರಿ.