ಗಾಳಿ ಹೋದ ದಾರಿಯಲ್ಲೇ ಹೋಗು

ಒಂಟಿಕೊಪ್ಪಲ್, ಮೈಸೂರು

ಚಿರಂಜೀವಿ ಅಶ್ವಿನಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಸೋತಿತ್ತು. ಬೆಳಿಗ್ಗೆ ಚೆಲುವಾಂಬ ಪಾರ್ಕಿನಲ್ಲಿ ಸುತ್ತು ಹಾಕುವಾಗಲೂ ನನಗೆ ಅದೇ ಯೋಚನೆ. ಸಲ್ಫರ್ ಡೈಆಕ್ಸೈಡ್ ಅನಲೈಸರ್ ‘ಫ್ಲೋ ಕಡಿಮೆ’, ‘ಬಾಕ್ಸ್ ಟೆಂಪರೇಚರ್ ಜಾಸ್ತಿ’ ಅಂತ ಎರಡು ವಾರ್ನಿಂಗ್ ಒಟ್ಟಿಗೇ ಕೊಡುತ್ತಿದೆ, ಫ್ಲೋ ಕ್ಯಾಲಿಬ್ರೇಷನ್ ಮಾಡಿ ಅದರ ಬಾಯಿ ಮುಚ್ಚಿಸಲೇ ಅಂತ ನೀನು ಕೇಳಿದೆ. ಬೇಡ ಕಂದಾ. ಅದು ಜ್ವರ ಬಂದವನನ್ನು ಬಿಟ್ಟು ಥರ್ಮಾಮೀಟರ್ ತಿದ್ದಿದ ಹಾಗೆ.

ನಾವು ಕೆಲಸ ಕಲಿತ ಕಾಲಕ್ಕೆ ಪರದೆ ಇರಲಿಲ್ಲ. ಗಾಜಿನ ಇಂಪಿಂಜರಿಗೆ ದ್ರಾವಣ ತುಂಬಿ, ಸುತ್ತ ಐಸ್ ಒತ್ತಿ, ಗಾಳಿ ಎಳೆಯುತ್ತಿದ್ದೆವು. ರೋಟಾಮೀಟರಿನ ಪುಟ್ಟ ಗುಂಡು ಎಲ್ಲಿ ನಿಂತಿತೋ ಅದೇ ಹರಿವು. ಈಗ ಹೆಬ್ಬಾಳ ಒಂದನೇ ಹಂತದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಟೇಷನ್ ಹಗಲೂ ರಾತ್ರಿ ತಾನೇ ಅಳೆದು ಅಂಕಿ ಕಳಿಸುತ್ತದೆ. ಒಳ್ಳೆಯದೇ. ಆದರೆ ಗಾಳಿಯ ದಾರಿ ಡಬ್ಬಿಯೊಳಗೆ ಸೇರಿಕೊಂಡಿತು. ಅದನ್ನು ಕಣ್ಣಿಟ್ಟು ನೋಡುವ ಅಭ್ಯಾಸವೂ ತಪ್ಪಿತು.

ಒಂದು ಮಳೆಗಾಲ ನೆನಪಾಗುತ್ತದೆ. ಯಾವುದೋ ಕಾರ್ಖಾನೆಯ ಸ್ಟೇಷನ್‌ನಲ್ಲಿ ಫ್ಲೋ ದಿನೇ ದಿನೇ ಇಳಿಯುತ್ತಿತ್ತು. ಫಿಲ್ಟರ್ ಬದಲಾಯಿತು, ಪಂಪೂ ಬದಲಾಯಿತು. ಕೊನೆಗೆ ನೋಡಿದರೆ ಎ.ಸಿ.ಯ ತಣ್ಣನೆ ಗಾಳಿ ನೇರ ಬಡಿಯುವ ಕಡೆ ಟೆಫ್ಲಾನ್ ಕೊಳವೆ ಬಾಗಿತ್ತು. ಬಾಗಿನ ತಳದಲ್ಲಿ ಹನಿಗಳು ಒಂದಕ್ಕೊಂದು ಕೂಡಿಕೊಂಡು ದಾರಿ ಕಟ್ಟಿದ್ದವು. ಪಂಪ್ ಎಳೆದಾಗಲೆಲ್ಲ ನೀರು ನಡುಗುತ್ತಿತ್ತು. ಹೊರಗಿನ ತೇವದ ಗಾಳಿ ಅಲ್ಲಿ ತಣಿದು ನೀರಾಗಿತ್ತು. ಆ ನೀರು ಸಲ್ಫರ್ ಡೈಆಕ್ಸೈಡನ್ನೂ ಕರಗಿಸಿಕೊಳ್ಳುತ್ತದೆ. 2009ರ ವಾಯು ಗುಣಮಟ್ಟದ ಮಾನದಂಡದಂತೆ ಅದರ 24 ಗಂಟೆಯ ಸರಾಸರಿ ಘನ ಮೀಟರಿಗೆ 80 ಮೈಕ್ರೋಗ್ರಾಂ ಮೀರಬಾರದು. ಅಂಥ ಕೊಳವೆಯಿಂದ ಬಂದ ಅಂಕಿ ಮೀರುವುದಾದರೂ ಹೇಗೆ, ಹೇಳು! ಫ್ಲೋ ದೋಷ ಅಂತ ಕೂಗಿದ್ದು ಅಸಲಿಗೆ ಉಷ್ಣತೆಯ ದೋಷ. ಕೊಳವೆಯನ್ನು ಎ.ಸಿ. ಎದುರಿನಿಂದ ಸರಿಸಿ ಇನ್ಸುಲೇಷನ್ ಸುತ್ತಿದ ಮೇಲೆ ಸರಿಹೋಯಿತು.

ನಿನ್ನಲ್ಲಿ ಎರಡು ವಾರ್ನಿಂಗೂ ಒಟ್ಟಿಗೆ ಬಂದದ್ದರಿಂದ, ಎರಡಕ್ಕೂ ಬೇಕಾದ ಕರೆಂಟನ್ನು ಮೊದಲು ವಿಚಾರಿಸು. ನಿಮ್ಮ ದೊಡ್ಡಮ್ಮ ನಮ್ಮ ಒಂಟಿಕೊಪ್ಪಲ್ ಪಂಚಾಂಗ ತೆಗೆದು ನಿನ್ನ ನಕ್ಷತ್ರ ನೋಡುತ್ತಿದ್ದಾಳೆ. ನಾನು ವೋಲ್ಟೇಜ್ ನೋಡು ಅನ್ನುತ್ತೇನೆ. 230 ಇರಬೇಕಾದದ್ದು ತೀರ ಇಳಿದರೆ ಎ.ಸಿ. ನಿಂತು ಕೋಣೆ ಕಾಯುತ್ತದೆ, ಪಂಪೂ ಸೊರಗುತ್ತದೆ. ಅದು ಸರಿಯಿದ್ದರೆ ಫ್ಯಾನಿನ ಫಿಲ್ಟರ್ ಬಿಚ್ಚಿ ಧೂಳು ತೆಗೆ.

ಆಮೇಲೆ ಇನ್ಲೆಟ್‌ಗೆ ಹೊರಗಿನಿಂದ ಒಂದು ರೋಟಾಮೀಟರ್ ಜೋಡಿಸು. ಅದರಲ್ಲಿ ಸರಿಯಿದ್ದು ಪರದೆಯಲ್ಲಿ ಕಡಿಮೆಯಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಎರಡರಲ್ಲೂ ಕಡಿಮೆಯಿದ್ದರೆ ದಾರಿ ನಿಜಕ್ಕೂ ಕಟ್ಟಿದೆ, ಇಲ್ಲವೇ ಪಂಪ್ ಸೋತಿದೆ. ಫಿಲ್ಟರ್, ಕೊಳವೆ, ಆರಿಫೈಸ್ ಎಂಬ ಸಣ್ಣ ತೂತು, ಪಂಪ್ ಹೀಗೆ ಗಾಳಿ ಹೋದ ಕ್ರಮದಲ್ಲೇ ಬೆರಳಿಟ್ಟು ಹೋಗು. ಆರಿಫೈಸಿನ ಪಂಪ್ ಕಡೆಯ ಒತ್ತಡ ಇನ್ನೊಂದು ಕಡೆಯದರ ಅರ್ಧಕ್ಕಿಂತ ಕೆಳಗಿರುವ ತನಕ ಹರಿವು ಅಲುಗುವುದಿಲ್ಲ. ಪಂಪಿನ ಡಯಾಫ್ರಮ್ ಸವೆದಾಗ ಆ ಲೆಕ್ಕ ತಪ್ಪುತ್ತದೆ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರ. ಗಾಳಿಯ ಒತ್ತಡ ಪುಸ್ತಕದಲ್ಲಿರುವ ಹಾಗೆ 760 ಮಿಲಿಮೀಟರ್ ಪಾದರಸ ಇಲ್ಲಿ ಬಾರದು, 700ರ ಒಳಗೇ. ಅದನ್ನು ಕಂಡು ಸೆನ್ಸರನ್ನು ಬೈಯಬೇಡ.

ಪಕ್ಕದ ನೈಟ್ರೋಜನ್ ಆಕ್ಸೈಡ್ ಅನಲೈಸರ್ ಹತ್ತಿರ ಜೋಪಾನ. ಅದರ ಕನ್ವರ್ಟರ್ 300 ಡಿಗ್ರಿಗೂ ಮೀರಿ ಕಾದಿರುತ್ತದೆ. ಓಝೋನನ್ನೂ ತಾನೇ ಹುಟ್ಟಿಸಿಕೊಳ್ಳುತ್ತದೆ. ಎಕ್ಸಾಸ್ಟ್ ಕೊಳವೆ ಕೋಣೆಯ ಹೊರಗಿದೆಯೋ ನೋಡಿಕೋ. ಇದನ್ನೆಲ್ಲ ನಿನ್ನ ಅಮ್ಮನಿಗೆ ಹೇಳಬೇಡ, ಸುಮ್ಮನೆ ಗಾಬರಿಯಾಗುತ್ತಾಳೆ.

ಭಾನುವಾರ ಊಟಕ್ಕೆ ಬಾ, ಕಾಳಿದಾಸ ರಸ್ತೆಯಲ್ಲಿ ಗಾಡಿ ನಿಧಾನವಾಗಿ ಓಡಿಸು. ಬರುವ ಮುಂಚೆ ಪಂಪ್ ನಿಲ್ಲಿಸಿ ಒಂದೆರಡು ನಿಮಿಷ ಬಿಡು. ಸ್ಯಾಂಪಲ್ ಒತ್ತಡ, ವ್ಯಾಕ್ಯೂಮ್ ಒತ್ತಡ ಎರಡೂ ಒಂದೇ ಅಂಕಿಗೆ ಬಂದು ನಿಲ್ಲಬೇಕು. ಎಷ್ಟೆಷ್ಟು ತೋರಿಸಿತು ಅಂತ ಚೀಟಿಯಲ್ಲಿ ಬರೆದು ತಾ.

ಇತಿ,
ನಿನ್ನ ದೊಡ್ಡಪ್ಪ